ಬುಟ್ಟಿಯ ಮರಳಿನ ಟ್ರೇ

ಕೊಡೆರಾಯರಿಗೆ ಮದುವೆಯಾಗಿ ಬಹಳ ವರ್ಷಗಳಾಗಿದ್ದವು. ಅತ್ತೆ ಅವರ ಮನೆಗೇ ಬಂದು ಇರತೊಡಗಿಯೂ ಕೆಲವು ವರ್ಷಗಳಾಗಿದ್ದವು. ಇಷ್ಟು ಕಾಲದಲ್ಲಿ ಅತ್ತೆ ಅಳಿಯ ಒಬ್ಬರಿಗೊಬ್ಬರು ನೇರವಾಗಿ ಒಂದೇ ಒಂದು ಮಾತು ಆಡಿದವರಲ್ಲ. ಜಗಳವೇ ಎಂದು ಕೇಳಬೇಡಿ. ಜಗಳವಾಡುವುದಕ್ಕಾದರೂ ಮಾತಾಡಬೇಕಲ್ಲ! ಅವರ ನಡುವೆ ಇದ್ದದ್ದು ಬರೀ ಮರ್ಯಾದೆ. ಅಳಿಯ ಎದುರಿಗೆ ಬಂದರೆ ಅತ್ತೆ ಬಾಗಿಲ ಮರೆಗೆ ಸರಿಯುವರು. ಅತ್ತೆ ಮರೆಗೆ ಸರಿದರಲ್ಲ, ತಾನಿರುವುದು ಅವರಿಗೆ ತೊಂದರೆಯೇನೋ ಎಂದು ಅಳಿಯ ವರಾಂಡಕ್ಕೆ ಹೋಗುವರು. ಅಳಿಯ ಎದ್ದು ಹೋದರಲ್ಲ, ತಾನೇನು ತಪ್ಪು ಮಾಡಿದೆನೋ ಎಂದು ಅತ್ತೆ ಅಡಿಗೆಮನೆಯಲ್ಲಿ ಕೊರಗುವರು. ಹೀಗೆ ಒಂದು ಚಿಕ್ಕ ಮನೆಯಲ್ಲಿ ಇಬ್ಬರು ಸಜ್ಜನರು ಒಬ್ಬರನ್ನೊಬ್ಬರು ಹಗಲೆಲ್ಲ ಓಡಿಸುತ್ತಾ ಇದ್ದರು.

ಮಾತು ಅನಿವಾರ್ಯವಾದಾಗ ನಡುವೆ ಅತ್ತೆಯ ಮಗಳು, ಅಂದರೆ ಕೊಡೆರಾಯರ ಹೆಂಡತಿ, ಇರುತ್ತಿದ್ದಳು. ಮಗಳು ಮನೆಯಲ್ಲಿಲ್ಲದಿದ್ದರೆ ಬೆಕ್ಕು.

"ಬುಟ್ಟೀ, ಊಟ ಆರ್ತಾ ಇದೆ ಅಂತ ಅಳಿಯಂದ್ರಿಗೆ ಹೇಳು," ಎಂದು ಅತ್ತೆ ಅಡಿಗೆಮನೆಯಿಂದ ಹೇಳುವರು.

"ಬುಟ್ಟೀ, ಬರ್ತಾ ಇದೀನಿ ಅಂತ ಹೇಳು," ಎಂದು ಅಳಿಯ ವರಾಂಡದಿಂದ ಹೇಳುವರು.

ಬೆಕ್ಕು ಯಾರಿಗೂ ಏನನ್ನೂ ಹೇಳದೆ ನಡುಮನೆಯಲ್ಲಿ ಮಲಗಿರುವುದು. ಆದರೂ ಕೆಲಸ ನಡೆಯುತ್ತಿತ್ತು. ಎಷ್ಟೋ ಕಚೇರಿಗಳೂ ಹೀಗೆಯೇ ನಡೆಯುತ್ತವೆ.

ಕೊಡೆರಾಯರು ಎಂಬುದು ಅವರ ನಿಜವಾದ ಹೆಸರಲ್ಲ. ರೈಲ್ವೆ ನಿಲ್ದಾಣದಲ್ಲಿ ಪ್ರಯಾಣಿಕರು ಮರೆತುಹೋದ ಸಾಮಾನುಗಳನ್ನು ಕಾಯುವ ಕೌಂಟರಿನಲ್ಲಿ ಅವರಿಗೆ ಕೆಲಸ. ಜನ ಮರೆಯುವುದರಲ್ಲಿ ಕೊಡೆಗೇ ಮೊದಲ ಸ್ಥಾನವಾದ್ದರಿಂದ, ಕಪ್ಪು ಕೊಡೆಗಳ ಕಾಡಿನ ನಡುವೆ ಕುಳಿತ ಅವರಿಗೆ ಆ ಹೆಸರು ಅಂಟಿಕೊಂಡಿತು. ಬೆಕ್ಕು ಸಿಕ್ಕಿದ್ದೂ ಅಲ್ಲಿಯೇ. ಯಾರೋ ರೈಲಿನಲ್ಲಿ ಬಿಟ್ಟುಹೋದ ಮುಚ್ಚಳದ ಬುಟ್ಟಿಯೊಂದು ಕೌಂಟರಿನ ಮೇಲೆ ಕುಳಿತು "ಮಿಯಾಂವ್" ಎಂದಿತು. ವಾರಸುದಾರರು ಬರಲಿಲ್ಲ. ವಾರಸುದಾರರಿಲ್ಲದ ವಸ್ತುವನ್ನು ಹರಾಜು ಹಾಕಬೇಕೆಂದು ನಿಯಮ. ಕೊಡೆರಾಯರು ನಿಯಮ ಮುರಿದದ್ದು ಜೀವಮಾನದಲ್ಲಿ ಅದೊಂದೇ ಸಲ. ಮರಿಯನ್ನು ಮನೆಗೆ ತಂದು ಹೆಂಡತಿಯ ಮಡಿಲಲ್ಲಿ ಹಾಕಿದರು. ಮಕ್ಕಳಿಲ್ಲದ ಮನೆ. ಬುಟ್ಟಿಯಲ್ಲಿ ಬಂದದ್ದು ಬುಟ್ಟಿ ಎಂದೇ ಹೆಸರಾಗಿ ಮಗಳ ಹಾಗೆ ಬೆಳೆಯಿತು.

ಈ ಬುಟ್ಟಿ ಒಂದು ದಿನ ಉಣ್ಣೆಯ ದಾರ ನುಂಗಿತು.

ದಾರ ಅತ್ತೆಯದು. ಕೌಂಟರಿನ ಕೋಣೆಯಲ್ಲಿ ಗಾಳಿ ಸೂಜಿಯ ಹಾಗೆ ಚುಚ್ಚುತ್ತದೆಂದು ಮಗಳ ಬಾಯಲ್ಲಿ ಕೇಳಿ, ಅಳಿಯನಿಗೆಂದು ಗುಟ್ಟಾಗಿ ಬೂದು ಬಣ್ಣದ ಸ್ವೆಟರ್ ಹೆಣೆಯುತ್ತಿದ್ದರು. ಒಂದು ತೋಳು ಮುಗಿದಿತ್ತು. ಉಂಡೆಯ ತುದಿ ಮಂಚದಿಂದ ಇಳಿದು ನೆಲದಲ್ಲಿ ಹರಿದಾಡುತ್ತಿದ್ದಾಗ ಬುಟ್ಟಿಗೆ ಅದು ಹಾವೋ ಹುಳವೋ ಆಗಿ ಕಂಡಿರಬೇಕು. ಒಂದು ಮಾರು ದಾರ ಹೊಟ್ಟೆಗೆ ಹೋಯಿತು. ಕರುಳು ಲಾಡಿ ಎಳೆದ ಚೀಲದ ಹಾಗೆ ಮುದುಡಿತು. ಪ್ರಾಣಿಗಳ ಆಸ್ಪತ್ರೆಯ ಡಾಕ್ಟರಮ್ಮ ಹೊಟ್ಟೆ ಕೊಯ್ದು ದಾರ ತೆಗೆದು, ಕರುಳಿಗೂ ಚರ್ಮಕ್ಕೂ ಹೊಲಿಗೆ ಹಾಕಿ, ಹೊಲಿಗೆ ನೆಕ್ಕದಿರಲೆಂದು ಕೊರಳಿಗೆ ಆಲಿಕೆಯಂಥ ಪ್ಲಾಸ್ಟಿಕ್ ಪಟ್ಟಿ ಕಟ್ಟಿ ಕಳಿಸಿದರು. ಅಂದಿನಿಂದ ಅತ್ತೆ ಹೆಣಿಗೆಯ ಕಡ್ಡಿ ಮುಟ್ಟಲಿಲ್ಲ. ಒಂಟಿ ತೋಳಿನ ಸ್ವೆಟರ್ ಬೀರುವಿನ ತಳ ಸೇರಿತು.

ಗ್ರಹಚಾರಕ್ಕೆ, ಬೆಕ್ಕು ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಹೆಂಡತಿ ಬೇರೆ ಊರಿಗೆ ತರಬೇತಿಗೆ ಹೊರಡಬೇಕಾಯಿತು. ಹೊರಡುವಾಗ ಗಂಡನನ್ನು ವರಾಂಡದ ಮೂಲೆಗೆ ಕರೆದಳು.

"ರೀ, ಒಳಗೆ ಹೋಗೋದನ್ನ ಅಮ್ಮ ನೋಡ್ಕೋತಾಳೆ. ಹೊರಗೆ ಬರೋದನ್ನ ನೀವು ನೋಡ್ಕೊಳ್ಳಿ."

"ಹೊರಗೆ ಅಂದ್ರೆ?"

"ಕರುಳಿನ ಆಪರೇಷನ್ ಕಣ್ರೀ. ಅದು ಕಕ್ಕ ಮಾಡಿದ್ರೇನೇ ಕರುಳು ಕೆಲಸ ಮಾಡ್ತಾ ಇದೆ ಅಂತ ಅರ್ಥವಂತೆ. ಮಾಡ್ಲಿಲ್ಲ ಅಂದ್ರೆ ಅಪಾಯ ಅಂದಿದಾರೆ. ದಿನಾ ಬೆಳಗ್ಗೆ ಮರಳಿನ ಟ್ರೇ ನೋಡಿ ನಂಗೆ ಹೇಳ್ಬೇಕು."

"ಅಷ್ಟೇ ತಾನೆ! ಇಡೀ ರೈಲಿನ ಜನ ಬಿಟ್ಟುಹೋದದ್ದನ್ನ ನೋಡ್ಕೊಳ್ಳೋನು ನಾನು. ಒಂದು ಬೆಕ್ಕು ಬಿಟ್ಟುಹೋಗೋದನ್ನ ನೋಡ್ಕೊಳ್ಳಕ್ಕಾಗಲ್ವಾ? ನೀನು ನಿಶ್ಚಿಂತೆಯಾಗಿ ಹೋಗು."

"ಮತ್ತೆ ಈ ವಿಷಯ ಅಮ್ಮನ ಕಿವಿಗೆ ಬೀಳೋ ಹಾಗೆ ಮಾತಾಡ್ಬೇಡಿ. ಅಳಿಯನ ಮುಂದೆ ಕೆಮ್ಮೋಕೂ ನಾಚಿಕೊಳ್ಳೋಳು ಅವಳು."

ಆಮೇಲೆ ಅಡಿಗೆಮನೆಗೆ ಹೋಗಿ ತಾಯಿಗೂ ಒಂದು ಮಾತು ಹೇಳಿದಳು. ಆ ಮಾತು ಏನೆಂದು ಸ್ವಲ್ಪ ಹೊತ್ತಿನಲ್ಲೇ ತಿಳಿಸುತ್ತೇನೆ. ಅನಾಹುತ ಶುರುವಾದದ್ದೇ ಅಲ್ಲಿಂದ.

ಮರುದಿನ ಬೆಳಗ್ಗೆ ಕೊಡೆರಾಯರು ಎದ್ದು, ಮುಖಕ್ಕೆ ನೀರು ಹಾಕಿಕೊಂಡು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಬುಟ್ಟಿಯನ್ನು ಇಟ್ಟಿದ್ದ ಪುಟ್ಟ ಕೋಣೆಗೆ ಹೋದರು. ಟ್ರೇಯಲ್ಲಿ ಮರಳು ನುಣ್ಣಗೆ ಹರಡಿತ್ತು. ಏನೂ ಇರಲಿಲ್ಲ. "ಹೂಂ..." ಎಂದು ನಿಟ್ಟುಸಿರು ಬಿಟ್ಟರು. ಅದರ ಮರುದಿನವೂ ಮರಳು ನುಣ್ಣಗೆ. ಮತ್ತೊಂದು ನಿಟ್ಟುಸಿರು. ಇನ್ನೊಂದು ಬೆಳಗ್ಗೆ ನೋಡಿದರೆ ಶಾಲೆಗೆ ಹೊರಟ ಹುಡುಗನ ತಲೆಯ ಹಾಗೆ ಮರಳು ಬಾಚಿಟ್ಟಂತಿತ್ತು. ಈ ಸಲದ ನಿಟ್ಟುಸಿರು ಅಡಿಗೆಮನೆಗೂ ಕೇಳಿಸಿತು.

ಫೋನಿನಲ್ಲಿ ಹೆಂಡತಿ ಕೇಳಿದಳು: "ಮಾಡ್ತಾ?"

ಅಡಿಗೆಮನೆಯಲ್ಲಿ ಬಳೆಯ ಸದ್ದು ಕೇಳಿ ಕೊಡೆರಾಯರು ದನಿ ತಗ್ಗಿಸಿದರು. "ಅದೂ... ಆ ಕಾರ್ಯಕ್ರಮ ಇನ್ನೂ ನಡೆದಿಲ್ಲ."

"ಯಾವ ಕಾರ್ಯಕ್ರಮ?"

"ಅದೇ ಕಣೇ. ನೀನು ಹೇಳಿದ್ದೆಯಲ್ಲ. ಉದ್ಘಾಟನೆ."

"ಅಯ್ಯೋ ದೇವ್ರೇ! ಡಾಕ್ಟ್ರಿಗೆ ಫೋನ್ ಮಾಡಿ!"

ಮನೆಯಿಂದ ಡಾಕ್ಟರಿಗೆ ಫೋನ್ ಮಾಡುವಂತಿಲ್ಲ, ಅತ್ತೆ ಇದ್ದಾರೆ. ಕೌಂಟರಿನಿಂದ ಮಾಡುವಂತಿಲ್ಲ, ಜನ ಇದ್ದಾರೆ. ಕೊಡೆರಾಯರು ಪ್ಲಾಟ್‌ಫಾರಮಿನ ತುದಿಗೆ ಹೋಗಿ ಫೋನ್ ಮಾಡಿದರು. ಅದೇ ಹೊತ್ತಿಗೆ ರೈಲು ಬಂತು.

"ಏನಂದ್ರಿ? ಕೇಳಿಸ್ತಿಲ್ಲ!" ಎಂದರು ಡಾಕ್ಟರಮ್ಮ.

ಕೊಡೆರಾಯರು ದನಿ ಏರಿಸಿದರು. ರೈಲೂ ಏರಿಸಿತು. ಅವರು ಇನ್ನೂ ಏರಿಸಿದರು. ಆಗ ರೈಲು ಸೀಟಿ, ಚಕ್ರ, ಬ್ರೇಕು ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿ ಸ್ತಬ್ಧವಾಯಿತು. ಆ ಮೌನದಲ್ಲಿ, ಸಾಲಾಗಿ ಕಿಟಕಿಯಿಂದ ಕತ್ತು ಹೊರಹಾಕಿದ್ದ ಪ್ರಯಾಣಿಕರೆಲ್ಲರ ಎದುರು, ಕೊಡೆರಾಯರ ದನಿಯೊಂದೇ ಮೊಳಗಿತು:

"ಇನ್ನೂ ಕಕ್ಕ ಮಾಡಿಲ್ಲಾ ಡಾಕ್ಟ್ರೇ!"

ಭೂಮಿ ಬಾಯಿಬಿಡಬಾರದೇ ಎಂದು ಅವರು ಕೆಳಗೆ ನೋಡಿದರು. ಅದು ಸಿಮೆಂಟಿನದಾದ್ದರಿಂದ ಬಾಯಿಬಿಡಲಿಲ್ಲ.

ಸ್ಟೇಷನ್ ಮಾಸ್ಟರು ಓಡಿಬಂದು ಅವರ ಹೆಗಲ ಮೇಲೆ ಕೈಯಿಟ್ಟರು. ಯಾರನ್ನೂ ಮುಟ್ಟಿ ಮಾತಾಡಿಸಿದವರಲ್ಲ ಅವರು. ಈಗ ಅವರ ಕಣ್ಣಲ್ಲಿ ತೇವವಿತ್ತು.

"ರಾಯರೇ, ಸಂಕೋಚ ಯಾಕೆ? ನನಗೂ ಅದೇ ತೊಂದ್ರೆ. ನಿಮಗೆ ಯಾವಾಗಿಂದ?"

"ನನಗಲ್ಲ ಸಾರ್, ಬೆಕ್ಕಿಗೆ."

ಸ್ಟೇಷನ್ ಮಾಸ್ಟರಿಗೆ ನಿರಾಸೆಯಾಯಿತು. ಜೊತೆಗೊಬ್ಬ ಸಿಕ್ಕಿದನೆಂದುಕೊಂಡಿದ್ದರು ಪಾಪ. ಆದರೂ ದೊಡ್ಡ ಮನಸ್ಸಿನವರು. "ಬೆಕ್ಕಾದ್ರೇನು, ಸಂಕಟ ಸಂಕಟವೇ," ಎಂದು ತಮ್ಮ ಡಬ್ಬಿಯಲ್ಲಿದ್ದ ಬಾಳೆಹಣ್ಣನ್ನು ತೆಗೆದುಕೊಟ್ಟರು. ಚಹಾದವನು ಬಿಸಿನೀರು ತಂದುಕೊಟ್ಟ. ಊಟದ ಡಬ್ಬಿ ಕಳೆದುಕೊಂಡು ರೇಗಾಡಲು ಬಂದಿದ್ದ ಪ್ರಯಾಣಿಕನೊಬ್ಬ ಸುದ್ದಿ ಕೇಳಿ, "ನಿಮ್ಮ ಕಷ್ಟದ ಮುಂದೆ ನನ್ನ ಡಬ್ಬಿ ಯಾವ ಲೆಕ್ಕ, ಬಿಡಿ ಸಾರ್," ಎಂದು ಮೆಲ್ಲಗೆ ಹೊರಟುಹೋದ. ಲೋಕದಲ್ಲಿ ಒಳ್ಳೆಯತನಕ್ಕೆ ಬರವಿಲ್ಲ. ಅದು ಬೇಕಾದ ಕಡೆಗೆ ಹೋಗಿ ತಲುಪುವುದಿಲ್ಲ, ಅಷ್ಟೆ.

ಡಾಕ್ಟರಮ್ಮ ಭೇದಿಯಾಗುವ ಸಿರಪ್ಪೊಂದನ್ನು ಹೇಳಿದರು. "ತೊಟ್ಟು ಲೆಕ್ಕದಲ್ಲಿ ಕೊಡಿ. ಆಗ್ಲಿಲ್ಲ ಅಂದ್ರೆ ಸ್ವಲ್ಪ ಜಾಸ್ತಿ ಮಾಡಿ."

ಸಂಜೆ ಕೊಡೆರಾಯರು ಬುಟ್ಟಿಯ ಬಾಯಿಗೆ ಸಿರಪ್ ಹಾಕಿದರು. ಬೆಳಗ್ಗೆ ಆಸೆಯಿಂದ ಹೋಗಿ ನೋಡಿದರೆ ಮರಳು ಮಾತ್ರವಲ್ಲ, ಟ್ರೇಯೇ ಹೊಳೆಯುತ್ತಿತ್ತು! ಕೋಣೆಯಲ್ಲಿ ನಿಂಬೆಸಿಪ್ಪೆಯ ಪರಿಮಳ. ಕೊಡೆರಾಯರು ಟ್ರೇಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು, ಎದೆಯ ಆಳದಿಂದ "ಅಯ್ಯೋ..." ಎಂದರು.

ಇಲ್ಲಿ ಓದುಗರಿಗೆ ಒಂದು ಗುಟ್ಟು ಹೇಳಬೇಕು. ಕೊಡೆರಾಯರಿಗೆ ಮಾತ್ರ ಹೇಳಬೇಡಿ.

ಬುಟ್ಟಿ ಮೊದಲನೆಯ ರಾತ್ರಿ ಬಿಟ್ಟರೆ ದಿನಾ ತಪ್ಪದೆ ಕಕ್ಕ ಮಾಡುತ್ತಿತ್ತು. ಮಗಳು ಹೊರಡುವಾಗ ತಾಯಿಗೆ ಹೇಳಿದ್ದು ಇಷ್ಟೇ: "ಅಮ್ಮಾ, ಅವ್ರಿಗೆ ಹೇಸಿಗೆ ನೋಡಿದ್ರೆ ವಾಕರಿಕೆ. ಆದ್ರೂ ನನಗೋಸ್ಕರ ಟ್ರೇ ನೋಡ್ಕೊಳ್ಳೋಕೆ ಒಪ್ಪಿಕೊಂಡಿದಾರೆ, ಪಾಪ." ಇದನ್ನು ಕೇಳಿ ಅತ್ತೆಗೆ ಕರುಳು ಚುರುಕ್ಕೆಂದಿತು. ತನ್ನ ದಾರದಿಂದ ಇಷ್ಟೆಲ್ಲ ಆಯಿತು. ಈಗ ಅಳಿಯ ಕೈಯಾರೆ ಬೆಕ್ಕಿನ ಹೇಸಿಗೆ ಬಳಿಯಬೇಕೇ? ತಾನು ಬದುಕಿದ್ದೂ? ಪಕ್ಕದ ಕೋಣೆಯಲ್ಲೇ ಮಲಗುತ್ತಿದ್ದ ಅವರು, ಬುಟ್ಟಿ ಮರಳು ಕೆದರುವ ಸದ್ದು ಕೇಳಿದ ಕೂಡಲೇ ಎದ್ದು, ಬಳಿದು, ಹೊಸ ಮರಳು ಹರಡಿ, ಬೆಕ್ಕಿನ ಹಿಂಬದಿಯನ್ನು ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ, ಕಿಟಕಿ ತೆರೆದಿಟ್ಟು, ಏನೂ ಗೊತ್ತಿಲ್ಲದವರಂತೆ ಮಲಗಿಬಿಡುತ್ತಿದ್ದರು. ಹೇಳಿಕೊಳ್ಳುವ ಮಾತೇ ಇರಲಿಲ್ಲ. ಅಳಿಯನೊಂದಿಗೆ ಅದೂ ಈ ವಿಷಯವೇ! ಬೆಕ್ಕಿನ ಮೂಲಕ ಹೇಳಿಸಬಹುದಿತ್ತು. ಆದರೆ ಬೆಕ್ಕಿನದೇ ವಿಷಯವನ್ನು ಬೆಕ್ಕಿನ ಬಾಯಲ್ಲಿ ಹೇಳಿಸುವುದು ಅವರಿಗೆ ಸಭ್ಯತೆ ಅನ್ನಿಸಲಿಲ್ಲ.

ಬೆಳಗ್ಗೆ ಅಳಿಯ ಟ್ರೇ ನೋಡಿ ನಿಟ್ಟುಸಿರು ಬಿಡುವುದು ಅವರ ಕಿವಿಗೆ ಬೀಳುತ್ತಿತ್ತು. "ಸರಿಯಾಗಿ ಚೊಕ್ಕಟ ಆಗಿಲ್ಲ ಅಂತ ಬೇಜಾರಾಗಿದಾರೆ. ಬಾಯಿಬಿಟ್ಟು ಹೇಳಲ್ಲ, ದೊಡ್ಡ ಗುಣ," ಎಂದುಕೊಂಡರು. ಮರುದಿನ ಮರಳನ್ನು ಬಾಚಿದರು. ಇನ್ನೂ ದೊಡ್ಡ ನಿಟ್ಟುಸಿರು. ಟ್ರೇಯನ್ನು ಸೋಪು ಹಾಕಿ ಉಜ್ಜಿ, ನಿಂಬೆಸಿಪ್ಪೆ ಇಟ್ಟರು. "ಅಯ್ಯೋ" ಎಂದೇಬಿಟ್ಟರು ಅಳಿಯ. ಇನ್ನು ಏನು ಮಾಡಲಿ ಶಿವನೇ ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಹೊಸ ಬ್ರಷ್ ಹುಡುಕಿದರು.

ಸಿರಪ್ಪಿನಿಂದ ಬುಟ್ಟಿಗೆ ಹೊಟ್ಟೆ ಸಡಿಲವಾಯಿತು. ಅತ್ತೆಗೆ ಗಾಬರಿ. ಅಳಿಯ ಕೊಡುವುದು ಶಕ್ತಿಗೆ ಟಾನಿಕ್ ಎಂದುಕೊಂಡಿದ್ದ ಅವರು, ತಮಗೆ ತಿಳಿದ ಔಷಧ ಮಾಡಿದರು. ಅಕ್ಕಿ ಹುರಿದು ಗಂಜಿ ಗಟ್ಟಿಯಾಗಿ ಕಾಯಿಸಿ ಚಮಚದಲ್ಲಿ ತಿನ್ನಿಸಿದರು. ಬುಟ್ಟಿ ಒಂದು ಹೊತ್ತು ಸುಧಾರಿಸಿತು. ಬೆಳಗ್ಗೆ ಅಳಿಯ ಟ್ರೇ ನೋಡಿ ಸಿರಪ್ ಹೆಚ್ಚಿಸಿದರು. ಮಧ್ಯಾಹ್ನ ಅತ್ತೆ ಗಂಜಿ ಹೆಚ್ಚಿಸಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಎಳೆದದ್ದು ಮಾತ್ರ ಒಂದು ಬಡ ಬೆಕ್ಕಿನ ಹೊಲಿಗೆ ಹಾಕಿದ ಕರುಳನ್ನು.

ಬುಟ್ಟಿ ಇಳಿದುಹೋಯಿತು. ಕೊರಳ ಆಲಿಕೆಯೊಳಗೆ ಮುಖ ದಿನದಿಂದ ದಿನಕ್ಕೆ ಚಿಕ್ಕದಾಗುತ್ತಾ, ಕೊನೆಗೆ ಎರಡು ಕಣ್ಣು ಮಾತ್ರ ಉಳಿದಂತೆ ಕಾಣುತ್ತಿತ್ತು.

ಮಹಡಿಯ ಮೇಲಿದ್ದ ಹಳೆಯ ಕಂಪೌಂಡರಿಗೆ ಸುದ್ದಿ ಹೇಗೋ ಮುಟ್ಟಿತು. ಕರೆಯದೆಯೇ ಇಳಿದುಬಂದರು. ಕೈಯಲ್ಲಿ ರಬ್ಬರಿನ ಕೊಳವೆ, ಬೋಗುಣಿ, ಸೋಪು.

"ಎನಿಮಾ!" ಎಂದರು ಬಾಗಿಲಲ್ಲೇ, ಯುದ್ಧ ಸಾರುವವರಂತೆ. "ನನ್ನ ಸರ್ವೀಸಿನಲ್ಲಿ ಎಂತೆಂಥ ಪೈಲ್ವಾನರಿಗೆ ಕೊಟ್ಟಿದೀನಿ. ಇದು ಬೆಕ್ಕು ರೀ, ಬೆಕ್ಕು!"

"ಹೊಲಿಗೆ ಇದೆ ಕಂಪೌಂಡರೇ, ಮೊದ್ಲು ಡಾಕ್ಟ್ರನ್ನ..."

"ಡಾಕ್ಟ್ರು ಬರೀತಾರೆ, ಮಾಡೋರು ನಾವು. ಹಿಡ್ಕೊಳ್ಳಿ ಕಾಲು."

ಏಳಲೂ ಆಗದೆ ಮಲಗಿದ್ದ ಬುಟ್ಟಿ ಕೊಳವೆಯನ್ನು ಕಂಡದ್ದೇ ಬಾಣದಂತೆ ಪರದೆ ಏರಿತು. ಪರದೆ ಸರಳಿನ ಸಮೇತ ಕಂಪೌಂಡರ ಮೇಲೆ ಬಂತು. ಅವರು ಪರದೆಯೊಳಗೆ ಬೋಗುಣಿ ಕವುಚಿಕೊಂಡು, "ಹಿಡ್ಕೊಳ್ರೀ! ನನ್ನನ್ನಲ್ರೀ, ಬೆಕ್ಕನ್ನ!" ಎಂದು ಕೂಗಿದರು. ಕೊಡೆರಾಯರು ಯಾರನ್ನು ಹಿಡಿಯುವುದೆಂದು ತಿಳಿಯದೆ ಕೊಳವೆಯನ್ನು ಹಿಡಿದುಕೊಂಡು ನಿಂತರು.

ಆಗ ಅಡಿಗೆಮನೆಯ ಬಾಗಿಲಲ್ಲಿ ಅತ್ತೆ ಕಾಣಿಸಿಕೊಂಡರು. ಗಂಡಸರ ಎದುರು ಯಾವತ್ತೂ ಹೊಸಿಲು ದಾಟದವರು ನೇರ ಬಂದು, ಬೆಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡರು.

"ಬುಟ್ಟೀ," ಎಂದರು, "ಇದೆಲ್ಲ ಬೇಡ ಅಂತ ಹೇಳು. ಯಾಕೆ ಅಂದ್ರೆ ನೀನು... ಅದು... ನಿನಗೆ..."

ಕೊಡೆರಾಯರು ಕಿವಿ ನಿಮಿರಿಸಿದರು. ಕಂಪೌಂಡರು ಪರದೆಯೊಳಗಿಂದ ತಲೆ ಹೊರಹಾಕಿದರು. ಅತ್ತೆಯ ಮುಖ ಕೆಂಪಾಯಿತು. ಪರಪುರುಷರಿಬ್ಬರ ಮುಂದೆ ಆ ಮಾತು ಆಡುವುದಾದರೂ ಹೇಗೆ? ಬೆಕ್ಕನ್ನು ಅಪ್ಪಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

"ನಿಮ್ಮ ಅತ್ತೆಗೆ ಸಿಟ್ಟು ಬಂದಿದೆ," ಎಂದರು ಕಂಪೌಂಡರು, ಸೋಪಿನ ನೀರು ಹಿಂಡಿಕೊಳ್ಳುತ್ತಾ. "ನಿಮ್ಮ ಕೈಲಿ ಬೆಕ್ಕು ಉಳಿಯಲ್ಲ ಅಂತ ಅವ್ರಿಗೆ ಗೊತ್ತಾಗಿದೆ."

ಕೊಡೆರಾಯರಿಗೂ ಹಾಗೆಯೇ ತೋರಿತು. ಒಂದು ಮನೆ, ಒಂದು ಬೆಕ್ಕು, ಒಂದು ಕೆಲಸ. ಅದನ್ನೂ ಮಾಡಲಾಗದೆ ಹೋಯಿತು. ಕೊಳವೆಯನ್ನು ಹಿಡಿದುಕೊಂಡೇ ಹೋಗಿ ವರಾಂಡದಲ್ಲಿ ಕುಳಿತರು.

ಮರುದಿನ ಬುಟ್ಟಿ ತಲೆ ಎತ್ತಲಿಲ್ಲ. ಕೊಡೆರಾಯರು ಅದನ್ನು ಹಳೆಯ ಮುಚ್ಚಳದ ಬುಟ್ಟಿಯಲ್ಲಿ ಮಲಗಿಸಿ ಆಟೋ ಕರೆದರು. ಹತ್ತಲು ಹೋದರೆ ಸೀಟಿನ ಆ ತುದಿಯಲ್ಲಿ ಅತ್ತೆ ಆಗಲೇ ಹೊರಗಿನ ಚಪ್ಪಲಿ ಹಾಕಿಕೊಂಡು, ರಸ್ತೆಯ ಕಡೆ ಮುಖ ಮಾಡಿ ಕುಳಿತಿದ್ದರು. ನಡುವೆ ಬುಟ್ಟಿ. ದಾರಿಯುದ್ದಕ್ಕೂ ಯಾರೂ ಅದಕ್ಕೆ ಏನನ್ನೂ ಹೇಳಲಿಲ್ಲ. ಹೇಳಿದರೂ ಕೇಳುವ ಸ್ಥಿತಿಯಲ್ಲಿ ಅದು ಇರಲಿಲ್ಲ.

ಆಸ್ಪತ್ರೆಯ ಹೊರಕೋಣೆಯಲ್ಲಿ ಕಾಲಿಗೆ ಪಟ್ಟಿ ಕಟ್ಟಿದ ನಾಯಿಯೊಂದಿಗೆ ಒಬ್ಬ ದಪ್ಪ ಮನುಷ್ಯ, ಪಂಜರದ ಗಿಳಿಯೊಂದಿಗೆ ಒಬ್ಬ ಮುದುಕಿ ಕುಳಿತಿದ್ದರು. ಬುಟ್ಟಿಯ ಮುಚ್ಚಳ ಸರಿಸಿ ನೋಡಿದ ಮುದುಕಿ, "ನೀವು ಮುಂದೆ ಹೋಗಿ, ನಮ್ಮದೇನು ಬರೀ ಕೆಮ್ಮು," ಎಂದು ಸರದಿ ಬಿಟ್ಟುಕೊಟ್ಟರು. ಗಿಳಿ ಕೆಮ್ಮಿತು.

ಡಾಕ್ಟರಮ್ಮ ಬುಟ್ಟಿಯ ಹೊಟ್ಟೆ ಒತ್ತಿದರು. ಬೆನ್ನಿನ ಚರ್ಮ ಎಳೆದು ಬಿಟ್ಟರು. ಅದು ಒದ್ದೆ ಬಟ್ಟೆಯ ಹಾಗೆ ಮಡಿಕೆಯಾಗಿಯೇ ನಿಂತಿತು.

"ಮೈಯಲ್ಲಿ ನೀರೇ ಇಲ್ಲ. ತಿಂತಾ ಇದೆಯಾ?"

"ತಿಂತಾ ಇದೆ ಡಾಕ್ಟ್ರೇ."

"ಹೊರಗೆ ಏನೂ ಬಂದಿಲ್ಲ ಅಂತೀರಿ."

"ಒಂದು ಕಾಳೂ ಇಲ್ಲ. ದಿನಾ ನಾನೇ ನೋಡ್ತಾ ಇದೀನಿ."

"ಆದ್ರೆ ಕರುಳು ಖಾಲಿ ಇದೆಯಲ್ರೀ! ಮತ್ತೆ ತಿಂದಿದ್ದು ಎಲ್ಲಿಗೆ ಹೋಯ್ತು?"

ಕಳೆದುಹೋದದ್ದು ಎಲ್ಲಿಗೆ ಹೋಯಿತೆಂಬ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ತಲೆಗೂದಲು ನೆರೆಸಿಕೊಂಡ ಕೊಡೆರಾಯರು ಈಗ ಮೇಜಿನ ಕೆಳಗೆ ಬಗ್ಗಿ ನೋಡಿದರು.

"ನನಗೆ ಒಂದೇ ಅನುಮಾನ," ಎಂದರು ಡಾಕ್ಟರಮ್ಮ. "ಒಳಗಿನ ಹೊಲಿಗೆ ಬಿಟ್ಟಿರ್ಬೇಕು. ತಿಂದದ್ದೆಲ್ಲ ಹೊಟ್ಟೆಯೊಳಗೇ ಸೋರ್ತಿದೆ. ಈಗಲೇ ಮತ್ತೆ ಕೊಯ್ಯಬೇಕು. ಇಷ್ಟು ಸೋತಿರೋ ಪ್ರಾಣಿ... ಟೇಬಲ್ ಮೇಲೇ ಹೋದ್ರೂ ಹೋಗಬಹುದು. ಕೊಯ್ಯದಿದ್ರೆ ಖಂಡಿತ ಹೋಗುತ್ತೆ. ಕೈ ತೊಳ್ಕೊಂಡು ಬರ್ತೀನಿ, ಅಷ್ಟರಲ್ಲಿ ಯೋಚನೆ ಮಾಡಿ ಹೇಳಿ."

ನರ್ಸು ಬುಟ್ಟಿಯನ್ನು ಎತ್ತಿಕೊಂಡು ಒಳಗೆ ಹೋದಳು. ಕೊಡೆರಾಯರು ಹೆಂಡತಿಗೆ ಫೋನ್ ಮಾಡಿದರು. ಆ ಕಡೆಯಿಂದ ಅಳು ಮಾತ್ರ ಕೇಳಿಸಿತು. ಅಳುವಿನ ನಡುವೆ, "ನೀವೇ ಹೇಳ್ರೀ, ನಾನು ಹೇಳಲಾರೆ," ಎಂದಳು. ಕೊಡೆರಾಯರು ಫೋನ್ ಇಟ್ಟು ಬಾಗಿಲ ಕಡೆ ತಿರುಗಿದರೆ ಅಲ್ಲಿ ಅತ್ತೆ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಅತ್ತೆ "ಬುಟ್ಟೀ" ಎಂದರು ಅಭ್ಯಾಸಬಲದಿಂದ. ಬುಟ್ಟಿ ಇರಲಿಲ್ಲ. ಖಾಲಿ ಮೇಜು ಇತ್ತು. ಗೋಡೆಯ ಕಡೆ ನೋಡಿದರು. ಗೋಡೆಯ ಮೇಲೆ ಹಸುವಿನ ಹಲ್ಲುಗಳ ಚಿತ್ರವಿತ್ತು. ಅದಕ್ಕೆ ಹೇಳುವಷ್ಟು ಸಲಿಗೆ ಅವರಿಗಿರಲಿಲ್ಲ. ಒಳಗೆ ನಲ್ಲಿಯ ನೀರು ನಿಂತ ಸದ್ದಾಯಿತು. ಕೊಡೆರಾಯರು ಒಳಬಾಗಿಲ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು, "ಡಾಕ್ಟ್ರೇ, ಆಗ್ಲಿ..." ಎನ್ನುವಷ್ಟರಲ್ಲಿ ಹಿಂದಿನಿಂದ ಒಂದು ದನಿ ಬಂತು.

"ನೋಡೀ!"

ಕೊಡೆರಾಯರು ಯಾರನ್ನು ಕರೆದರೆಂದು ಸುತ್ತ ನೋಡಿದರು. ಬೇರೆ ಯಾರೂ ಇರಲಿಲ್ಲ.

"ನೀವೇ. ನಿಮಗೇ ಹೇಳ್ತಿರೋದು," ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡು. "ಅದು ಮಾಡ್ತಾ ಇದೆ."

"ಯಾ... ಯಾವುದು?"

"ಬುಟ್ಟಿ. ಕಕ್ಕ. ದಿನಾ ಮಾಡ್ತಿದೆ. ನೀವು ಏಳೋಕೆ ಮುಂಚೆ ನಾನೇ ಬಳೀತಿದ್ದೆ."

ಮದುವೆಯಾದಂದಿನಿಂದ ಅತ್ತೆ ಅಳಿಯನಿಗೆ ನೇರವಾಗಿ ಆಡಿದ ಮೊದಲ ಮಾತು ಇದು. ಲೋಕದಲ್ಲಿ ಜನ ಮೊದಲ ಮಾತಿಗೆ ಎಂತೆಂಥ ವಿಷಯ ಆರಿಸಿಕೊಳ್ಳುತ್ತಾರೆ! ಆದರೆ ಇಷ್ಟು ಸಂತೋಷ ಕೊಟ್ಟ ಮೊದಲ ಮಾತು ಇನ್ನೊಂದು ಇರಲಾರದು. ಕೊಡೆರಾಯರಿಗೆ ಮರ್ಯಾದೆ, ಸಂಕೋಚ, ವಾಕರಿಕೆ ಎಲ್ಲ ಒಟ್ಟಿಗೆ ಮರೆತುಹೋದವು.

"ಮಾಡ್ತಿದೆಯಾ!" ಎಂದು ಕಿರುಚಿದರು. "ನಿನ್ನೆ ಮಾಡ್ತಾ?"

"ಮಾಡ್ತು."

"ಎಷ್ಟು ಸಲ?"

"ಲೆಕ್ಕ ಇಟ್ಟಿಲ್ಲ. ಬಹಳ."

"ಗಟ್ಟಿಗೋ, ತೆಳ್ಳಗೋ?"

"ಮೊದ್ಲು ಗಟ್ಟಿಗೇ ಇತ್ತು. ನೀವು ಟಾನಿಕ್ ಕೊಟ್ಟ ಮೇಲೆ ನೀರು ನೀರು. ನಾನು ಗಂಜಿ ಕೊಟ್ಟೆ, ಸ್ವಲ್ಪ ಗಟ್ಟಿಯಾಯ್ತು. ಮತ್ತೆ ನೀರು."

"ಬಣ್ಣ?"

"ಮರಳಿನ ಬಣ್ಣವೇ. ನಿನ್ನೆ ಸ್ವಲ್ಪ ಹಳದಿ."

ಹೊರಕೋಣೆಯಲ್ಲಿ ದಪ್ಪ ಮನುಷ್ಯ ನಾಯಿಯ ಬಾಯಿ ಮುಚ್ಚಿ ಹಿಡಿದು ಕೇಳುತ್ತಿದ್ದ. ಗಿಳಿಯ ಮುದುಕಿ, "ಹಳದಿ ಆದ್ರೆ ಚಿಂತೆಯಿಲ್ಲಮ್ಮ," ಎಂದು ಅಲ್ಲಿಂದಲೇ ಧೈರ್ಯ ಹೇಳಿದರು. ಕೈಗವಸು ಹಾಕಿಕೊಂಡು ಬಂದ ಡಾಕ್ಟರಮ್ಮ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು. ಮೆಲ್ಲಗೆ ಕೈಗವಸು ತೆಗೆದರು.

"ಅದು ಟಾನಿಕ್ ಅಲ್ಲಮ್ಮ, ಭೇದಿ ಔಷಧ," ಎಂದರು. "ಒಬ್ಬರು ಬಿಚ್ಚೋದು, ಇನ್ನೊಬ್ಬರು ಕಟ್ಟೋದು! ಅದೇನು ಬೆಕ್ಕೋ, ಬೀರುವಿನ ಬಾಗಿಲೋ? ಒಂದೇ ಮನೇಲಿ ಇದೀರಲ್ಲ, ಒಂದು ಮಾತು ಕೇಳಕ್ಕಾಗಲ್ವಾ?"

"ನಾವು ಮಾತಾಡಲ್ಲ," ಎಂದರು ಕೊಡೆರಾಯರು ತಲೆ ತಗ್ಗಿಸಿ.

"ಯಾಕೆ, ಜಗಳವಾ?"

"ಛೆ ಛೆ!" ಎಂದರು ಅತ್ತೆ ಅಳಿಯ ಇಬ್ಬರೂ ಒಟ್ಟಿಗೆ, ನಿಜಕ್ಕೂ ನೊಂದುಕೊಂಡು.

ಡಾಕ್ಟರಮ್ಮ ತಲೆಯ ಮೇಲೆ ಕೈ ಇಟ್ಟುಕೊಂಡರು. ಬುಟ್ಟಿಯನ್ನು ಕೊಯ್ಯಲಿಲ್ಲ. ಚರ್ಮದಡಿಗೆ ನೀರು ಏರಿಸಿ, ಸಂಜೆಯವರೆಗೆ ಇಟ್ಟುಕೊಂಡು, ಮನೆಗೆ ಕಳಿಸಿದರು. "ಸಿರಪ್ಪೂ ಬೇಡ, ಗಂಜಿಯೂ ಬೇಡ. ನಾನು ಕೊಡೋ ಆಹಾರ ಮಾತ್ರ. ಮುಖ್ಯವಾಗಿ, ಟ್ರೇಗೆ ಯಾರೂ ಕೈ ಹಚ್ಚಬೇಡಿ. ಇಬ್ಬರೂ ಸೇರಿ ನೋಡಿ, ಆಮೇಲೆ ತೆಗೀರಿ. ಕರುಳು ಬರಿದಾಗಿದೆ, ಸ್ವಲ್ಪ ಕಾಯಬೇಕಾಗುತ್ತೆ. ಕಾದ್ರೂ ಬರ್ಲಿಲ್ಲ ಅಂದ್ರೆ ಮತ್ತೆ ಕರ್ಕೊಂಡು ಬನ್ನಿ, ಆಗ ಕೊಯ್ಯದೆ ವಿಧಿಯಿಲ್ಲ."

ನಿಜವಾದ ಕಾಯುವಿಕೆ ಆಗ ಶುರುವಾಯಿತು. ಈಗ ಮರಳು ನಿಜಕ್ಕೂ ಖಾಲಿ. ಕೊಡೆರಾಯರು ರಜೆ ಹಾಕಿದರು. ಸ್ಟೇಷನ್ ಮಾಸ್ಟರು ಕಾರಣ ಕೇಳದೆ, ಕಣ್ಣಲ್ಲೇ ಅರ್ಥಮಾಡಿಕೊಂಡು ಒಪ್ಪಿದರು. ಟ್ರೇಯ ಈಚೆ ಒಂದು ಮಣೆ, ಆಚೆ ಒಂದು ಮಣೆ. ಅಳಿಯ ಇಲ್ಲಿ, ಅತ್ತೆ ಅಲ್ಲಿ. ನಡುವೆ ಬುಟ್ಟಿ ಮಲಗಿ ಇಬ್ಬರನ್ನೂ ನೋಡುತ್ತಿತ್ತು. ಅಷ್ಟು ಗಂಭೀರವಾಗಿ ಇಬ್ಬರು ತನ್ನನ್ನು ನೋಡುತ್ತಿದ್ದರೆ ಯಾವ ಬೆಕ್ಕಿಗೆ ತಾನೇ ಸರಾಗವಾಗುತ್ತದೆ?

ಸುಮ್ಮನೆ ಕೂರಲಾಗದೆ ಅತ್ತೆ ಎದ್ದು ಹೋಗಿ ಒಂಟಿ ತೋಳಿನ ಸ್ವೆಟರ್ ತಂದರು. ಈ ಸಲ ಉಂಡೆಯನ್ನು ಮುಚ್ಚಳದ ಡಬ್ಬಿಯೊಳಗಿಟ್ಟು, ಮುಚ್ಚಳದ ತೂತಿನಿಂದ ದಾರ ಎಳೆದುಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಹೇಳಿದರು:

"ಬುಟ್ಟೀ, ಕೈ ಸ್ವಲ್ಪ ಮುಂದೆ ಚಾಚಬೇಕಂತೆ ಅಂತ ಹೇಳು."

ಕೊಡೆರಾಯರು ಕೈ ಚಾಚಿದರು. ಅತ್ತೆ ಮುಟ್ಟದೆ, ದೂರದಿಂದಲೇ ಅಳತೆ ನೋಡಿಕೊಂಡರು. ಅಳಿಯ ಬಹಳ ಹೊತ್ತು ಕೈ ಹಿಂತೆಗೆಯಲಿಲ್ಲ. ಹೇಳುವವರೆಗೆ ತೆಗೆಯಬಾರದೇನೋ ಎಂದುಕೊಂಡರು.

ಆ ದಿನ ಏನೂ ಬರಲಿಲ್ಲ. ಮರುದಿನ ಮಧ್ಯಾಹ್ನದವರೆಗೂ ಬರಲಿಲ್ಲ. ಬುಟ್ಟಿ ತಿಂದಿತು, ಕಣ್ಣು ಮುಚ್ಚಿತು, ಬೆನ್ನು ತಿರುಗಿಸಿ ಮಲಗಿತು. ಕೊಡೆರಾಯರು ಆಟೋದವನಿಗೆ ಹೇಳಿಡುವುದೇ ಎಂದು ಯೋಚಿಸಿದರು. ಅತ್ತೆಯ ಕಡ್ಡಿಗಳು ನಿಂತುಹೋದವು. ಸಂಜೆಯ ಹೊತ್ತಿಗೆ ಇಬ್ಬರೂ ಸೋತು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಾಗ, ಕರ್ ಕರ್ ಎಂದು ಮರಳು ಕೆದರುವ ಸದ್ದಾಯಿತು. ಅತ್ತೆ ಅಳಿಯನ ಕಡೆ ನೋಡಿದರು. ಅಳಿಯ ಅತ್ತೆಯ ಕಡೆ ನೋಡಿದರು. ಇಬ್ಬರೂ ಉಸಿರು ಬಿಗಿಹಿಡಿದರು. ಬುಟ್ಟಿ ಆಲಿಕೆಯ ಮುಖ ಎತ್ತಿ, ದೂರದ ಯಾವುದೋ ವಿಚಾರದಲ್ಲಿ ಮುಳುಗಿದ ಪಂಡಿತರಂತೆ ಕುಳಿತು, ಎದ್ದು, ಮರಳು ಎಳೆದು, ಪಕ್ಕಕ್ಕೆ ಬಂತು.

ಗಟ್ಟಿಯಾಗಿತ್ತು. ಬಣ್ಣವೂ ಸರಿಯಿತ್ತು.

"ಬಂತು," ಎಂದರು ಅತ್ತೆ.

"ಬಂತು," ಎಂದರು ಅಳಿಯ, ಕಣ್ಣೊರೆಸಿಕೊಂಡು. ಹಾಗೆ ಒರೆಸಿಕೊಂಡವರು ಟ್ರೇಯ ಸಲಿಕೆಗೆ ಕೈ ಹಾಕಿದರು. ಅದೇ ಹೊತ್ತಿಗೆ ಅತ್ತೆಯೂ ಹಾಕಿದರು.

"ನೀವು ಬಿಡಿ," ಎಂದರು ಅತ್ತೆ. "ನಿಮಗೆ ವಾಕರಿಕೆ."

"ನನಗೇನೂ ಇಲ್ಲ. ಇಷ್ಟು ದಿನ ನೀವೇ ತೆಗ್ದಿದೀರಿ, ಸಾಕು. ಕೊಡಿ."

"ಅಳಿಯಂದ್ರು ಬಳಿಯೋದಾ? ನಾನು ಇರೋವಾಗ?"

"ಅತ್ತೆಯವ್ರು ಬಳಿಯೋದಾ? ನಾನು ಸತ್ತಿದೀನಾ?"

"ಬಿಡೀ ಅಂದ್ರೆ!"

"ನೀವು ಬಿಡೀ ಅಂದ್ರೆ!"

ಸಲಿಕೆ ಆ ಕಡೆಗೂ ಈ ಕಡೆಗೂ ಹೊಯ್ದಾಡಿತು. ಮರಳು ಚೆಲ್ಲಿತು. ಇಬ್ಬರ ದನಿಯೂ ಏರಿತು. ಮಹಡಿಯಿಂದ ಕಂಪೌಂಡರು, "ಎನಿಮಾ ತರ್ಲಾ?" ಎಂದು ಕೂಗಿದರು.

ಅದೇ ಗಳಿಗೆಯಲ್ಲಿ ತರಬೇತಿಯನ್ನು ಅರ್ಧಕ್ಕೆ ಬಿಟ್ಟು, ಕಣ್ಣು ಊದಿಸಿಕೊಂಡು, ಬ್ಯಾಗು ಹಿಡಿದು ಹೆಂಡತಿ ಒಳಗೆ ಬಂದಳು. ಬಂದವಳು ಕೋಣೆಯ ಬಾಗಿಲಲ್ಲೇ ಕಲ್ಲಾಗಿ ನಿಂತಳು. ತನ್ನ ತಾಯಿಯೂ ತನ್ನ ಗಂಡನೂ ಮುಖಕ್ಕೆ ಮುಖ ಕೊಟ್ಟು, ಕೈಗೆ ಕೈ ಹಚ್ಚಿ, ಕಿರುಚಿ ಜಗಳವಾಡುತ್ತಿದ್ದರು! ಅವಳ ಕೈಯಿಂದ ಬ್ಯಾಗು ಬಿತ್ತು.

"ಏನಾಯ್ತು? ಅಮ್ಮಾ! ರೀ! ಬುಟ್ಟಿ ಹೋಗ್ಬಿಡ್ತಾ?"

ಸಲಿಕೆ ನಿಂತಿತು. ಅತ್ತೆಗೆ ಒಮ್ಮೆಲೇ ತಾನು ಯಾರ ಎದುರು ನಿಂತಿದ್ದೇನೆಂಬುದು ನೆನಪಾಗಿ, ಸೆರಗು ಸರಿಮಾಡಿಕೊಂಡು ಬಾಗಿಲ ಮರೆಗೆ ಸರಿದರು. ಅಳಿಯ ಕಿಟಕಿಯ ಕಡೆ ತಿರುಗಿದರು.

ಕೊನೆಗೆ ಬಾಗಿಲ ಮರೆಯಿಂದ ಮೆಲ್ಲಗೆ ಒಂದು ದನಿ ಬಂತು:

"ಬುಟ್ಟೀ, ನೀನೇ ಹೇಳಮ್ಮ."

ಬುಟ್ಟಿ ಮೂವರನ್ನೂ ಒಂದು ಸಲ ನೋಡಿತು. ಆಮೇಲೆ ಚೆಲ್ಲಿದ ಮರಳನ್ನು ದಾಟಿಕೊಂಡು ಹೋಗಿ, ಒಂದೂವರೆ ತೋಳಿನ ಸ್ವೆಟರಿನ ಮೇಲೆ ಮಲಗಿ ನಿದ್ದೆ ಹೋಯಿತು.